ಎಡಗೈ ತೋರುಬೆರಳು

ಎಮ್ಮೆಯ ಕಿವಿಗೆ ಹಳದಿ ಬಿಲ್ಲೆ ಹೊಡೆಯುವುದು ನನ್ನ ಕಸುಬು.
ಪಶು ಆಸ್ಪತ್ರೆ. ಹನ್ನೆರಡಂಕಿಯ ನಂಬರು.
ಎಷ್ಟು ಒದರಿದರೂ ಉದುರಬಾರದು.
ಈ ಭಾನುವಾರ ಮನುಷ್ಯರ ಬೆರಳು ಕೊಟ್ಟಿದ್ದಾರೆ.

ಮತಗಟ್ಟೆ ನೂರಾ ಹದಿನೆಂಟು, ಉರ್ದು ಶಾಲೆ, ಎರಡನೇ ಕೋಣೆ.
ಬೋರ್ಡಿನ ಮೇಲೆ ಯಾವುದೋ ಮಗು ಬರೆದ ಮೀನು.
ಇರಲಿ ಬಿಡಿ, ಒರೆಸಬೇಡಿ ಅಂದರು ಓಂಕಾರಪ್ಪ,
ಮೀನು ಯಾರ ಗುರುತೂ ಅಲ್ಲವೆಂದು
ಪಟ್ಟಿಯನ್ನು ಎರಡು ಸಲ ನೋಡಿಕೊಂಡ ಮೇಲೆ.

ಲೋಟದಲ್ಲಿ ಮರಳು, ಮರಳಲ್ಲಿ ಕುತ್ತಿಗೆವರೆಗೆ ಹೂತ ಶಾಯಿ ಸೀಸೆ,
ಉರುಳದಿರಲೆಂದು.
'ನಮ್ಮ ಭಟ್ಟಿ ಮರಳಿನಂಗೇ ಐತೆ,
ಬಿಸಿ ಒಂದಿಲ್ಲ' ಅಂದಳು ಮೊದಲ ಸಾಲಿನ ಖೈರುನ್ನೀಸಾ.
ಏಳಕ್ಕೇ ಬಂದಿದ್ದರು ಮಂಡಕ್ಕಿ ಭಟ್ಟಿಯ ಹೆಂಗಸರು,
ಒಲೆ ಹೊತ್ತಿಸಿ, ಹೊಟ್ಟು ಹಾಕಲು ಹುಡುಗರನ್ನು ನಿಲ್ಲಿಸಿ.
ಅವರ ಉಗುರಿಗೆ ಮೊದಲೇ ಕಪ್ಪು.
ಹೊಗೆ ಎಲ್ಲಿ ಮುಗಿಯಿತು, ನನ್ನ ಗೆರೆ ಎಲ್ಲಿ ಶುರುವಾಯಿತು,
ಏಜೆಂಟರಿಬ್ಬರೂ ಬಗ್ಗಿ ನೋಡಿದರು.
'ಹಚ್ಚಿದ್ದೇ ಕಾಣಲ್ಲ' ಅಂದ ಫ್ಯಾನಿನವನು.
'ನಿಂಗೆ ಕಾಣದಿದ್ರೆ ಏನಾತು? ನಂಗೆ ಗೊತ್ತಲ್ಲ'
ಅಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.
ಪೀಂ.

ಆಮೇಲೆ ಅರಿಶಿನದ ಬೆರಳು, ಮೆಹಂದಿಯ ಬೆರಳು,
ಗ್ರೀಸು, ಸುಣ್ಣ,
ಹೊಲಿಗೆ ಸೂಜಿ ಚುಚ್ಚಿ ಚುಚ್ಚಿ ಜರಡಿಯಾದದ್ದು.
ಗೆರೆ ಸ್ವಲ್ಪ ಉದ್ದ ಹಾಕಿ ಅಂಕಲ್,
ಫೋಟೋದಲ್ಲಿ ಕಾಣಬೇಕು ಎಂದ ಹತ್ತೊಂಬತ್ತರ ಹುಡುಗಿ.
ಶಾಯಿ ಆರುವವರೆಗೆ ಒಬ್ಬರು
ಮಸೀದಿ ಹಿಂದಿನ ಚರಂಡಿಯ ಕಲ್ಲು ಒಡೆದದ್ದು ಹೇಳಿದರು.
ನಾನು ದನದ ಡಾಕ್ಟರ ಕೈಕೆಳಗಿನವನು ಅಂದೆ.
'ಇರಲಿ, ಬರ್ಕೊಳ್ಳಿ' ಅಂದರು.
ಚಿತ್ರಾನ್ನದ ಪೊಟ್ಟಣದ ಮೇಲೆ ಬರೆದುಕೊಂಡೆ.

ಮೂರೂವರೆಗೆ ಕೊಂಡಜ್ಜಿ ಹಾಲೇಶಪ್ಪ,
ಕಾಟನ್ ಮಿಲ್ಲು, ಕಾರ್ಡಿಂಗ್ ವಿಭಾಗ, ಎಂಬತ್ತೊಂದು ವಯಸ್ಸು.
ಎಡಗೈ ಮುಂದಿಟ್ಟ.
ಕಡ್ಡಿ ಗಾಳಿಯಲ್ಲೇ ನಿಂತಿತು.
ಓಂಕಾರಪ್ಪ ಕೈಪಿಡಿ ತಿರುವಿದರು:
ತೋರುಬೆರಳಿಲ್ಲದಿದ್ದರೆ ಅದೇ ಕೈಯ ಬೇರೆ ಬೆರಳು.
ಬೇರೆಯೆಂದರೆ ಅಲ್ಲಿ ಉಳಿದದ್ದು ಹೆಬ್ಬೆಟ್ಟೊಂದೇ.

'ಹೆಬ್ಬೆಟ್ಟಿಗೆ ಹಚ್ಚಿದೆ ಅಂತ ಹೆಬ್ಬೆಟ್ಟಿನವ್ನು ಅನ್ಕಾಬ್ಯಾಡ'
ಎಂದು ರಿಜಿಸ್ಟರು ಎಳೆದುಕೊಂಡು
ಬಲಗೈಯಲ್ಲಿ ಸಹಿ ಹಾಕಿದ, ದುಂಡಗೆ, ಮೂರಕ್ಷರ ಮುಗಿದ ಮೇಲೆ
ಒಂದು ಬಳ್ಳಿ ಎಳೆದು.
ಹಿಂದಿದ್ದವರು ಗೊಣಗಿದರು. ಆತ ಅವಸರ ಮಾಡಲಿಲ್ಲ.
'ಯೂನಿಯನ್ನಿಗೆ ನಿಂತಿದ್ದೆ, ಹನ್ನೊಂದು ಓಟಲ್ಲಿ ಸೋತೆ.
ಯಾರ್ಯಾರು ಆ ಹನ್ನೊಂದು ಮಂದಿ ಅಂತ ಲೆಕ್ಕ ಹಾಕ್ತಾ ಹಾಕ್ತಾ
ಎಂಟು ಜನ ಸತ್ರು. ಮೂವರು ಬೀಗರಾದ್ರು.
ಈ ಊರಿಗೆ ಮ್ಯಾಂಚೆಸ್ಟರ್ ಅಂತಿದ್ರಪ್ಪ ಆವಾಗ,
ಅದನ್ನ ನೋಡ್ದೋರು ಒಬ್ರೂ ಇರ್ಲಿಲ್ಲ.
ಅಲ್ಲೂ ಈಗ ಮಿಲ್ಲು ಮುಚ್ಚಿ, ಸೈಟು ಮಾಡಿ,
ಯಾವನೋ ಒಬ್ಬ ಚರಂಡಿ ಕಟ್ಟಿಸ್ತೀನಿ ಅಂತ ಕೈ ಮುಗೀತಿರ್ತಾನೆ ಬಿಡು.'
ಫ್ಯಾನಿನವನೂ ನಕ್ಕ, ಸೀಟಿಯವನೂ ನಕ್ಕ.
ನಾನು ಹೆಬ್ಬೆರಳ ಉಗುರಿಗೆ ಗೆರೆ ಎಳೆದೆ.
ಅಗಲವಾದ ಉಗುರು, ಶಾಯಿ ಜಾಸ್ತಿ ಬೇಕಾಯಿತು.

ರಾತ್ರಿ ಹತ್ತಕ್ಕೆ ಪೆಟ್ಟಿಗೆ ಒಪ್ಪಿಸಿ ಮನೆಗೆ ಬಂದರೆ
ಸಾವಿತ್ರಕ್ಕ ದೀಪದ ಕೆಳಗೆ ನನ್ನ ಕೈ ಹಿಡಿದು ನೋಡಿದಳು.
'ಐದೂ ಬೆರಳಿಗೆ ಬಳ್ಕೊಂಡು ಬಂದೀರಲ್ಲ,
ಐದು ಸಲ ಹಾಕಿದ್ರೇನು?'

ಒಂದು ಸಲವೂ ಇಲ್ಲ.
ಅಂಚೆ ಮತಕ್ಕೆ ಅರ್ಜಿ ಕೊಟ್ಟಿದ್ದೆ, ಎರಡು ಪ್ರತಿ, ಫೋಟೋ ಸಮೇತ.
ನಾಳೆ ಬನ್ನಿ ಅಂದರು,
ನಾಳೆ ಹೋದೆ.

ಎಣಿಕೆಯ ದಿನ ಹತ್ತೂವರೆಗೆ ಪಟಾಕಿ ಕೇಳಿಸಿತು,
ನಲವತ್ತೊಂದು ಮತದಲ್ಲಿ ಯಾರೋ.
ನಾನು ಆವರಗೆರೆಯಲ್ಲಿ ಒಂದು ಎಮ್ಮೆಯ ಕಿವಿ ಹಿಡಿದಿದ್ದೆ.
ಅದು ನನ್ನ ಕಪ್ಪು ಬೆರಳುಗಳನ್ನು ಒಂದೊಂದಾಗಿ ಮೂಸಿ,
ಕೊನೆಯದನ್ನು ಒಮ್ಮೆ ನೆಕ್ಕಿ ನೋಡಿ,
ಮುಖ ಆಚೆ ತಿರುಗಿಸಿತು.